ಹಳೆಯ ಮನೆಯ ಖರೀದಿ ಮತ್ತು ನವೀಕರಣ: ನಾಗರಿಕರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಸ್ವಂತ ಮನೆಯ ಖರೀದಿಯು ಬಹುತೇಕ ಕುಟುಂಬಗಳ ಪಾಲಿಗೆ ಜೀವಮಾನದಲ್ಲಿ ಒಮ್ಮೆ ನಡೆಯುವ ವ್ಯವಹಾರವಾಗಿರುತ್ತದೆ. ಹಲವು ವರ್ಷಗಳ ಉಳಿತಾಯ, ಮಾರಿದ ಒಡವೆ, ಭವಿಷ್ಯನಿಧಿಯ ಮುಂಗಡ ಹಾಗೂ ಮುಂದಿನ ಇಪ್ಪತ್ತು ವರ್ಷಗಳ ದುಡಿಮೆಯ ಮೇಲೆ ಪಡೆದ ಸಾಲ ಇವೆಲ್ಲವೂ ಒಂದೇ ದಸ್ತಾವೇಜಿನಲ್ಲಿ ಅಡಕವಾಗಿರುತ್ತವೆ. ಹೊಸ ಮನೆಗಳ ಬೆಲೆ ಕೈಗೆಟುಕದ ಕಾರಣ ಅನೇಕರು ಹಳೆಯ ಮನೆಯನ್ನು ಕೊಂಡು ದುರಸ್ತಿ ಮಾಡಿಸಿಕೊಳ್ಳುವ ಮಾರ್ಗವನ್ನು ಆಯ್ದುಕೊಳ್ಳುತ್ತಾರೆ. ಈ ಮಾರ್ಗದಲ್ಲಿ ಕೆಲವು ಹೊಂದಾಣಿಕೆಗಳು ಅನಿವಾರ್ಯ. ಆದರೆ ಯಾವ ಹೊಂದಾಣಿಕೆ ಸರಿಪಡಿಸಲು ಸಾಧ್ಯವಾದದ್ದು, ಯಾವುದು ಸಾಧ್ಯವಿಲ್ಲದ್ದು ಎಂಬ ವಿವೇಚನೆಯು ಮುಂಗಡ ನೀಡುವ ಮುನ್ನವೇ ಇರಬೇಕಾಗುತ್ತದೆ. ಕರ್ನಾಟಕದಲ್ಲಿ ಹಳೆಯ ಮನೆಯನ್ನು ಖರೀದಿಸಿ ನವೀಕರಿಸಲು ಇಚ್ಛಿಸುವ ನಾಗರಿಕರ ಅನುಕೂಲಕ್ಕಾಗಿ ಸಂಬಂಧಪಟ್ಟ ಕಾನೂನು, ಶುಲ್ಕ, ದಾಖಲೆ ಮತ್ತು ಕಾರ್ಯವಿಧಾನಗಳ ವಿವರಗಳನ್ನು ಇಲ್ಲಿ ಕ್ರಮವಾಗಿ ನೀಡಲಾಗಿದೆ.

1. ಒಪ್ಪಬಹುದಾದ ಮತ್ತು ಒಪ್ಪಬಾರದ ಹೊಂದಾಣಿಕೆಗಳು

ಅಡುಗೆಮನೆ ಚಿಕ್ಕದಾಗಿರುವುದು, ನೆಲಹಾಸು ಹಳೆಯದಾಗಿರುವುದು, ಬಸ್ ನಿಲ್ದಾಣ ಸ್ವಲ್ಪ ದೂರವಿರುವುದು, ಬಾಗಿಲು ಕುಟುಂಬದವರು ಬಯಸಿದ ದಿಕ್ಕಿಗೆ ಇಲ್ಲದಿರುವುದು ಇವು ಹಣದಿಂದಲೋ ಅಭ್ಯಾಸದಿಂದಲೋ ಸರಿಹೋಗುವ ಕೊರತೆಗಳು. ಇವುಗಳ ಆಧಾರದ ಮೇಲೆ ಬೆಲೆಯನ್ನು ಇಳಿಸುವಂತೆ ಕೇಳಬಹುದಾಗಿದೆ.

ಆದರೆ ಈ ಕೆಳಗಿನ ನಾಲ್ಕು ವಿಷಯಗಳಲ್ಲಿ ಬೆಲೆ ಎಷ್ಟೇ ಕಡಿಮೆಯಿದ್ದರೂ ಹೊಂದಾಣಿಕೆ ಸಲ್ಲದು:

(ಅ) ಮಾರಾಟಗಾರರಿಗೆ ಸ್ವತ್ತಿನ ಮೇಲೆ ಪೂರ್ಣ ಮತ್ತು ನಿರ್ವಿವಾದ ಹಕ್ಕು ಇಲ್ಲದಿರುವುದು;
(ಆ) ಮನೆಗೆ ಕಾನೂನುಬದ್ಧವಾದ ದಾರಿ ಇಲ್ಲದೆ ಪಕ್ಕದವರ ಜಾಗದಲ್ಲಿ ಓಡಾಡಬೇಕಾಗಿರುವುದು;
(ಇ) ಪಾಯ, ಕಂಬ, ತೊಲೆ ಅಥವಾ ತಾರಸಿಯಲ್ಲಿ ಗಂಭೀರ ದೋಷವಿರುವುದು;
(ಈ) ಕಟ್ಟಡವು ಸರ್ಕಾರಿ ಜಾಗ, ಕೆರೆ, ರಾಜಕಾಲುವೆ ಅಥವಾ ರಸ್ತೆಯ ಭಾಗವನ್ನು ಒತ್ತುವರಿ ಮಾಡಿರುವುದು.

"ಇಂದೇ ಮುಂಗಡ ನೀಡದಿದ್ದರೆ ಮನೆ ಬೇರೆಯವರ ಪಾಲಾಗುತ್ತದೆ" ಎಂಬ ಒತ್ತಡಕ್ಕೆ ಒಳಗಾಗಿ ದಾಖಲೆಗಳನ್ನು ನೋಡುವ ಮೊದಲೇ ಹಣ ನೀಡುವುದು ಸಾಮಾನ್ಯವಾಗಿ ಕಂಡುಬರುತ್ತದೆ. ದಾಖಲೆಗಳ ಪರಿಶೀಲನೆಗೆ ಕೆಲವು ದಿನಗಳ ಕಾಲಾವಕಾಶ ನೀಡಲು ಒಪ್ಪದ ಮಾರಾಟಗಾರರೊಂದಿಗೆ ವ್ಯವಹರಿಸದಿರುವುದು ಕ್ಷೇಮಕರ.

2. ಹಕ್ಕಿನ ಪರಿಶೀಲನೆ

ಕ್ರಯಪತ್ರದ ನೋಂದಣಿಯು ವ್ಯವಹಾರವೊಂದು ನಡೆಯಿತೆಂಬುದಕ್ಕೆ ಸಾರ್ವಜನಿಕ ದಾಖಲೆಯೇ ಹೊರತು, ಮಾರಾಟಗಾರರ ಹಕ್ಕು ಸರಿಯಾಗಿದೆ ಎಂದು ಸರ್ಕಾರ ನೀಡುವ ಖಾತರಿಯಲ್ಲ. ಆದುದರಿಂದ ಹಕ್ಕಿನ ಪರಿಶೀಲನೆಯ ಹೊಣೆ ಖರೀದಿದಾರರ ಮೇಲೆಯೇ ಇರುತ್ತದೆ.

2.1 ಮೂಲ ಪತ್ರಗಳು: ಮಾರಾಟಗಾರರಿಗೆ ಸ್ವತ್ತು ಹೇಗೆ ಬಂದಿತು (ಕ್ರಯ, ದಾನ, ವಿಭಾಗ, ಮರಣಶಾಸನ, ಮಂಜೂರಾತಿ ಅಥವಾ ಹಂಚಿಕೆ) ಎಂಬುದನ್ನು ತೋರಿಸುವ ಎಲ್ಲಾ ಪತ್ರಗಳನ್ನು ಹಿಂದಿನ 30 ವರ್ಷಗಳವರೆಗೆ ಸರಪಳಿಯಂತೆ ಜೋಡಿಸಿ ನೋಡತಕ್ಕದ್ದು. ಕಾಲಪರಿಮಿತಿ ಅಧಿನಿಯಮ, 1963ರ ಪ್ರಕಾರ ಆಧಾರ ಮಾಡಿದ ಸ್ವತ್ತನ್ನು ಬಿಡಿಸಿಕೊಳ್ಳುವ ದಾವೆಗೂ ಸರ್ಕಾರ ಹೂಡುವ ದಾವೆಗೂ 30 ವರ್ಷಗಳ ಅವಧಿ ಇರುವುದರಿಂದ ಈ ಕಾಲಮಿತಿಯನ್ನು ಅನುಸರಿಸುವುದು ಸೂಕ್ತ. ನಕಲು ಪ್ರತಿಗಳನ್ನಷ್ಟೇ ನೋಡಿ ತೃಪ್ತರಾಗದೆ ಮೂಲ ಪ್ರತಿಗಳನ್ನು ತೋರಿಸುವಂತೆ ಕೇಳಬೇಕು. ಮೂಲ ಪತ್ರ ಕಳೆದುಹೋಗಿದೆ ಎಂದು ಹೇಳಿದಲ್ಲಿ ಅದು ಯಾವುದಾದರೂ ಬ್ಯಾಂಕಿನಲ್ಲಿ ಅಥವಾ ಖಾಸಗಿ ಲೇವಾದೇವಿದಾರರಲ್ಲಿ ಒತ್ತೆ ಇರುವ ಸಾಧ್ಯತೆಯನ್ನು ಪರಿಶೀಲಿಸತಕ್ಕದ್ದು.

2.2 ಋಣಭಾರ ಪ್ರಮಾಣಪತ್ರ (ಇ.ಸಿ.): ನಿಗದಿತ ಅವಧಿಯಲ್ಲಿ ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳಿದ್ದಲ್ಲಿ ನಮೂನೆ-15ರಲ್ಲಿ, ಇಲ್ಲದಿದ್ದಲ್ಲಿ ನಮೂನೆ-16ರಲ್ಲಿ ಈ ಪ್ರಮಾಣಪತ್ರವನ್ನು ನೀಡಲಾಗುತ್ತದೆ. 1-4-2004ರ ನಂತರದ ಅವಧಿಗೆ ಕಾವೇರಿ ಆನ್‌ಲೈನ್ ಸೇವೆಯ ಮೂಲಕ ಅರ್ಜಿ ಸಲ್ಲಿಸಬಹುದು. ಅದಕ್ಕೂ ಹಿಂದಿನ ಅವಧಿಗೆ ಸಂಬಂಧಪಟ್ಟ ಉಪನೋಂದಣಾಧಿಕಾರಿಗಳ ಕಚೇರಿಯ ಪುಸ್ತಕಗಳಲ್ಲಿ ಶೋಧನೆ ಮಾಡಿಸಬೇಕಾಗುತ್ತದೆ.

ಇ.ಸಿ.ಯಲ್ಲಿ ಏನು ಕಾಣುವುದಿಲ್ಲ ಎಂಬುದನ್ನು ತಿಳಿಯುವುದೂ ಅಷ್ಟೇ ಮುಖ್ಯ. ನೋಂದಣಿಯಾಗದ ಕರಾರುಪತ್ರ, ಬಾಯಿಮಾತಿನ ಪಾಲು, ನೋಂದಣಿಯಾಗದ ಮರಣಶಾಸನ ಮತ್ತು ಬಾಡಿಗೆ ಒಪ್ಪಂದಗಳು ಇದರಲ್ಲಿ ಕಾಣುವುದಿಲ್ಲ. ನ್ಯಾಯಾಲಯದಲ್ಲಿ ಬಾಕಿಯಿರುವ ದಾವೆಯೂ ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ. ದಾವೆ ಬಾಕಿಯಿರುವಾಗ ನಡೆದ ಮಾರಾಟವು ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 52ನೇ ಪ್ರಕರಣದಂತೆ ಆ ದಾವೆಯ ತೀರ್ಪಿಗೆ ಒಳಪಟ್ಟಿರುತ್ತದೆ. ಆದಕಾರಣ ಮಾರಾಟಗಾರರ ಹೆಸರಿನಲ್ಲಿ ಸ್ಥಳೀಯ ಸಿವಿಲ್ ನ್ಯಾಯಾಲಯದ ಪ್ರಕರಣಗಳನ್ನು ಶೋಧಿಸುವುದು, ನೆರೆಹೊರೆಯವರನ್ನು ವಿಚಾರಿಸುವುದು ಹಾಗೂ ದಿನಪತ್ರಿಕೆಯಲ್ಲಿ ಸಾರ್ವಜನಿಕ ತಿಳಿವಳಿಕೆ ಪ್ರಕಟಿಸುವುದು ಉಪಯುಕ್ತ.

2.3 ಕುಟುಂಬದ ಹಕ್ಕುದಾರರು: ಪಿತ್ರಾರ್ಜಿತ ಸ್ವತ್ತಾಗಿದ್ದಲ್ಲಿ ವಂಶವೃಕ್ಷವನ್ನು ಪಡೆದು, ಅದರಲ್ಲಿರುವ ಎಲ್ಲಾ ಹಕ್ಕುದಾರರೂ ಕ್ರಯಪತ್ರಕ್ಕೆ ಸಹಿ ಮಾಡುವಂತೆ ನೋಡಿಕೊಳ್ಳತಕ್ಕದ್ದು. ಹಿಂದೂ ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೂ ಜನ್ಮತಃ ಹಕ್ಕು ಇದೆ. ಕರ್ನಾಟಕದಲ್ಲಿ 1994ರ ರಾಜ್ಯ ತಿದ್ದುಪಡಿಯೂ, ದೇಶಾದ್ಯಂತ 2005ರ ಹಿಂದೂ ಉತ್ತರಾಧಿಕಾರ (ತಿದ್ದುಪಡಿ) ಅಧಿನಿಯಮವೂ ಈ ಹಕ್ಕನ್ನು ನೀಡಿದವು. 2005ರಲ್ಲಿ ತಂದೆ ಜೀವಂತರಾಗಿರಬೇಕೆಂಬ ನಿರ್ಬಂಧವಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ವಿನೀತಾ ಶರ್ಮಾ ಪ್ರಕರಣದಲ್ಲಿ 11-8-2020ರಂದು ತೀರ್ಪು ನೀಡಿದೆ. "ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಬೇಕಾಗಿಲ್ಲ" ಎಂಬ ಮಾತನ್ನು ನಂಬಿ ಮಾಡಿದ ಖರೀದಿಯು ವರ್ಷಗಳ ನಂತರ ವಿಭಾಗದ ದಾವೆಗೆ ಗುರಿಯಾಗಬಹುದು. ಅಪ್ರಾಪ್ತ ವಯಸ್ಕರಿಗೆ ಸೇರಿದ ಪ್ರತ್ಯೇಕ ಸ್ವತ್ತನ್ನು ಪೋಷಕರು ಮಾರಲು ನ್ಯಾಯಾಲಯದ ಅನುಮತಿ ಅವಶ್ಯಕ.

2.4 ಮಂಜೂರಾದ ಜಮೀನು: ಮನೆ ಇರುವ ಜಾಗವು ಮೂಲತಃ ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನಾಗಿದ್ದಲ್ಲಿ, 1978ರ ಕರ್ನಾಟಕ ಅಧಿನಿಯಮದ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದರ ವರ್ಗಾವಣೆಗೆ ಅವಕಾಶವಿಲ್ಲ. ಕೃಷಿ ಜಮೀನಿನಲ್ಲಿ ಕಟ್ಟಿದ ಮನೆಯಾಗಿದ್ದಲ್ಲಿ ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದಡಿಯ ಭೂಪರಿವರ್ತನಾ ಆದೇಶ ಹಾಗೂ ಬಡಾವಣೆ ನಕ್ಷೆಯ ಅನುಮೋದನೆಯನ್ನು ಪರಿಶೀಲಿಸಬೇಕು.

2.5 ಖಾತಾ: ಖಾತಾ ಎಂಬುದು ಆಸ್ತಿ ತೆರಿಗೆ ವಸೂಲಿಗಾಗಿ ಸ್ಥಳೀಯ ಸಂಸ್ಥೆ ಇಡುವ ಲೆಕ್ಕ. ಅದು ಹಕ್ಕುಪತ್ರವಲ್ಲ. ಆದರೂ 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿರುವುದರಿಂದ ಮಾರಾಟಗಾರರ ಹೆಸರಿನಲ್ಲಿ ಇ-ಖಾತಾ ಇದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ತಂತ್ರಾಂಶದ ಮೂಲಕ ನಮೂನೆಗಳನ್ನು ನೀಡಲಾಗುತ್ತದೆ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಕಾರ್ಯನಿರ್ವಹಿಸುತ್ತಿದ್ದು, ಮನೆ ಯಾವ ಪಾಲಿಕೆಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಅವಶ್ಯಕ. 'ಬಿ' ವಹಿಯಲ್ಲಿ ದಾಖಲಾದ ಸ್ವತ್ತಿಗೆ ತೆರಿಗೆ ಪಾವತಿಸಿದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ.

2.6 ಅಧಿಕಾರಪತ್ರದ ಮೇಲಿನ ಮಾರಾಟ: ಸಾಮಾನ್ಯ ಅಧಿಕಾರಪತ್ರ (ಜಿ.ಪಿ.ಎ.), ಕರಾರುಪತ್ರ ಮತ್ತು ಮರಣಶಾಸನ ಈ ಮೂರನ್ನು ಒಟ್ಟಿಗೆ ಬರೆದುಕೊಟ್ಟು ಮನೆ ಮಾರುವ ಪದ್ಧತಿಯಿಂದ ಹಕ್ಕು ವರ್ಗಾವಣೆಯಾಗುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರಲ್ಲಿ ಸ್ಪಷ್ಟಪಡಿಸಿದೆ. ನೂರು ರೂಪಾಯಿ ಅಥವಾ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯ ಮಾರಾಟವು ನೋಂದಾಯಿತ ದಸ್ತಾವೇಜಿನ ಮೂಲಕವೇ ಆಗತಕ್ಕದ್ದು.

3. ಖರೀದಿಯ ನಿಜವಾದ ವೆಚ್ಚ

ಮಾತಾದ ಬೆಲೆಯಷ್ಟೇ ಮನೆಯ ವೆಚ್ಚವಲ್ಲ. ಮುದ್ರಾಂಕ ಶುಲ್ಕವನ್ನು ಒಪ್ಪಿದ ಬೆಲೆ ಅಥವಾ ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ ಹಾಕಲಾಗುತ್ತದೆ. ನಗರ ಪ್ರದೇಶದಲ್ಲಿ ಹಳೆಯ ಮನೆಯನ್ನು 40 ಲಕ್ಷ ರೂ.ಗಳಿಗೆ ಕೊಳ್ಳುವುದಾಗಿಯೂ, ಅದರ ಮಾರ್ಗಸೂಚಿ ಬೆಲೆ 36 ಲಕ್ಷ ರೂ. ಎಂದೂ ಭಾವಿಸಿದಲ್ಲಿ, 31-8-2025ರಿಂದ ಜಾರಿಗೆ ಬಂದ ನೋಂದಣಿ ಶುಲ್ಕದ ದರದಂತೆ ಲೆಕ್ಕ ಹೀಗಿರುತ್ತದೆ:

ಮುದ್ರಾಂಕ ಶುಲ್ಕ (ಶೇ. 5) – ರೂ. 2,00,000
ಉಪಕರ (ಮುದ್ರಾಂಕ ಶುಲ್ಕದ ಶೇ. 10) – ರೂ. 20,000
ಅಧಿಭಾರ (ಮುದ್ರಾಂಕ ಶುಲ್ಕದ ಶೇ. 2) – ರೂ. 4,000
ನೋಂದಣಿ ಶುಲ್ಕ (ಶೇ. 2) – ರೂ. 80,000
ಒಟ್ಟು – ರೂ. 3,04,000

ನೋಂದಣಿ ಶುಲ್ಕವು ಈ ದಿನಾಂಕಕ್ಕೆ ಮೊದಲು ಶೇ. 1 ಇತ್ತು. ದರಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ ನೋಂದಣಿಯ ದಿನದ ದರವನ್ನು ಕಾವೇರಿ ತಂತ್ರಾಂಶದಲ್ಲಿನ ಲೆಕ್ಕಾಚಾರದಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮಗಳ ಪ್ರಕಾರ 30 ಲಕ್ಷ ರೂ.ವರೆಗಿನ ಗೃಹಸಾಲವು ಸ್ವತ್ತಿನ ಮೌಲ್ಯದ ಶೇ. 90ನ್ನು, 30ರಿಂದ 75 ಲಕ್ಷದವರೆಗಿನದು ಶೇ. 80ನ್ನು ಹಾಗೂ ಅದಕ್ಕೂ ಹೆಚ್ಚಿನದು ಶೇ. 75ನ್ನು ಮೀರುವಂತಿಲ್ಲ. ಇದು ಗರಿಷ್ಠ ಮಿತಿ ಮಾತ್ರ. ಹಳೆಯ ಕಟ್ಟಡಕ್ಕೆ ಬ್ಯಾಂಕಿನ ಮೌಲ್ಯಮಾಪಕರು ಕಡಿಮೆ ಬೆಲೆ ಕಟ್ಟುವ ಸಾಧ್ಯತೆ ಇರುತ್ತದೆ. ಸಾಮಾನ್ಯವಾಗಿ ಮುದ್ರಾಂಕ ಮತ್ತು ನೋಂದಣಿ ಶುಲ್ಕಗಳನ್ನು ಈ ಮೌಲ್ಯಕ್ಕೆ ಸೇರಿಸುವುದಿಲ್ಲ. ಹೀಗಾಗಿ ಮೇಲಿನ ಉದಾಹರಣೆಯ ಕುಟುಂಬವು 30 ಲಕ್ಷ ರೂ. ಸಾಲ ಪಡೆದರೂ 10 ಲಕ್ಷ ರೂ. ಮತ್ತು ಶುಲ್ಕದ 3.04 ಲಕ್ಷ ರೂ.ಗಳನ್ನು ಸ್ವಂತವಾಗಿ ಹೊಂದಿಸಬೇಕು. ನವೀಕರಣದ ಹಣ ಇದಕ್ಕೂ ಹೊರತಾದದ್ದು.

30 ಲಕ್ಷ ರೂ. ಸಾಲವನ್ನು ಶೇ. 9ರ ಬಡ್ಡಿಯಲ್ಲಿ 20 ವರ್ಷಗಳಲ್ಲಿ ತೀರಿಸಲು ಮಾಸಿಕ ಕಂತು ಸುಮಾರು 26,990 ರೂ. ಆಗುತ್ತದೆ. ಪಾವತಿಸುವ ಒಟ್ಟು ಮೊತ್ತ ಸುಮಾರು 64.78 ಲಕ್ಷ ರೂ. ಬಡ್ಡಿ ಶೇ. 10ಕ್ಕೆ ಏರಿದಲ್ಲಿ ಕಂತು ಸುಮಾರು 28,950 ರೂ.ಗಳಾಗುತ್ತದೆ. ಬಾಡಿಗೆ ಮನೆಯಲ್ಲಿರುವವರು ದುರಸ್ತಿ ಮುಗಿಯುವವರೆಗೆ ಬಾಡಿಗೆ ಮತ್ತು ಕಂತು ಎರಡನ್ನೂ ಒಟ್ಟಿಗೆ ಪಾವತಿಸಬೇಕಾಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ದುರಸ್ತಿ ಮೂರು ತಿಂಗಳ ಬದಲು ಆರು ತಿಂಗಳು ಹಿಡಿದಲ್ಲಿ ಕುಟುಂಬವು ತಾಳಿಕೊಳ್ಳಬಲ್ಲುದೇ ಎಂಬ ಪ್ರಶ್ನೆಯನ್ನು ಸಾಲ ಪಡೆಯುವ ಮೊದಲೇ ಕೇಳಿಕೊಳ್ಳುವುದು ಹಿತಕರ.

ಬೆಲೆಯನ್ನು ಕಡಿಮೆ ತೋರಿಸುವುದು: ಶುಲ್ಕ ಉಳಿಸುವ ಸಲುವಾಗಿ ಕ್ರಯಪತ್ರದಲ್ಲಿ ಕಡಿಮೆ ಬೆಲೆ ನಮೂದಿಸಿ ಉಳಿದದ್ದನ್ನು ನಗದಾಗಿ ನೀಡುವಂತೆ ಕೇಳುವುದುಂಟು. ಇದು ಕಾನೂನುಬಾಹಿರವಷ್ಟೇ ಅಲ್ಲದೆ ಖರೀದಿದಾರರಿಗೇ ಹೆಚ್ಚು ಹಾನಿಕರ. ಪತ್ರದಲ್ಲಿ ತೋರಿಸಿದ ಬೆಲೆ ಕಡಿಮೆಯಾದಂತೆ ಬ್ಯಾಂಕ್ ಸಾಲ ಕಡಿಮೆಯಾಗುತ್ತದೆ. ಮುಂದೆ ಹಕ್ಕಿನಲ್ಲಿ ದೋಷ ಕಂಡುಬಂದು ಹಣ ಹಿಂಪಡೆಯಬೇಕಾದಾಗ ನಗದಾಗಿ ನೀಡಿದ್ದಕ್ಕೆ ಸಾಕ್ಷ್ಯವಿರುವುದಿಲ್ಲ. ಮುಂದೊಮ್ಮೆ ಮನೆ ಮಾರಿದಾಗ ತೋರಿಕೆಯ ಲಾಭ ಹೆಚ್ಚಾಗಿ ತೆರಿಗೆಯೂ ಹೆಚ್ಚುತ್ತದೆ. ಸ್ಥಿರಾಸ್ತಿಯ ಮಾರಾಟಕ್ಕಾಗಿ 20,000 ರೂ. ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಸ್ವೀಕರಿಸುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ಸ್ವತ್ತಿನ ಬೆಲೆ 50 ಲಕ್ಷ ರೂ. ಅಥವಾ ಹೆಚ್ಚಿದ್ದಲ್ಲಿ ಖರೀದಿದಾರರು ಶೇ. 1ರಷ್ಟು ತೆರಿಗೆಯನ್ನು ಮಾರಾಟಗಾರರಿಗೆ ನೀಡುವ ಹಣದಲ್ಲಿ ಕಡಿತ ಮಾಡಿ ಸರ್ಕಾರಕ್ಕೆ ಜಮಾ ಮಾಡತಕ್ಕದ್ದು.

4. ಕಟ್ಟಡದ ಪರಿಶೀಲನೆ

ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಪ್ರಕರಣದಂತೆ, ತಮಗೆ ತಿಳಿದಿರುವ ಮತ್ತು ಖರೀದಿದಾರರು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮಹತ್ವದ ದೋಷಗಳನ್ನು ಮಾರಾಟಗಾರರು ತಿಳಿಸತಕ್ಕದ್ದು. ಇದರ ಅರ್ಥ, ಕಣ್ಣಿಗೆ ಕಾಣುವ ದೋಷಗಳನ್ನು ಗಮನಿಸುವ ಹೊಣೆ ಖರೀದಿದಾರರದೇ ಆಗಿರುತ್ತದೆ. ಆದುದರಿಂದ ಮುಂಗಡ ನೀಡುವ ಮೊದಲು ಅರ್ಹ ಸಿವಿಲ್ ಎಂಜಿನಿಯರ್ ಒಬ್ಬರಿಂದ ಕಟ್ಟಡವನ್ನು ಪರೀಕ್ಷಿಸಿ ಲಿಖಿತ ವರದಿ ಪಡೆಯುವುದು ಸೂಕ್ತ. ಇದಕ್ಕೆ ತಗಲುವ ವೆಚ್ಚವು ಮುಂದೆ ಎದುರಾಗಬಹುದಾದ ದುರಸ್ತಿಯ ವೆಚ್ಚಕ್ಕೆ ಹೋಲಿಸಿದಲ್ಲಿ ಅತ್ಯಲ್ಪ.

ಗಮನಿಸಬೇಕಾದ ಅಂಶಗಳು:

(ಅ) ತಾರಸಿಯ ಕೆಳಭಾಗದಲ್ಲಿ ಸಿಮೆಂಟ್ ಉದುರಿ ತುಕ್ಕು ಹಿಡಿದ ಕಬ್ಬಿಣದ ಸರಳು ಕಾಣುತ್ತಿದೆಯೇ. ಇದನ್ನು ಬರಿಯ ಗಾರೆ ಮೆತ್ತಿ ಮುಚ್ಚಿದಲ್ಲಿ ತುಕ್ಕು ಒಳಗೇ ಮುಂದುವರಿಯುತ್ತದೆ.
(ಆ) ಗೋಡೆಯ ಬಿರುಕು ಗಾರೆಯಲ್ಲಿ ಮಾತ್ರ ಇದೆಯೇ, ಅಥವಾ ಕಿಟಕಿಯ ಮೂಲೆಯಿಂದ ಓರೆಯಾಗಿ ಸಾಗಿ ಗೋಡೆಯ ಎರಡೂ ಬದಿಗಳಲ್ಲಿ ಕಾಣುತ್ತಿದೆಯೇ. ಎರಡನೆಯದು ಪಾಯ ಕುಸಿತದ ಸೂಚನೆಯಾಗಿರಬಹುದು.
(ಇ) ಗೋಡೆಯ ಕೆಳಭಾಗದಲ್ಲಿ ತೇವ ಏರಿ ಉಪ್ಪು ಬಿಳಿಚಿಕೊಂಡಿದೆಯೇ, ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದಿದೆಯೇ.
(ಈ) ವಿದ್ಯುತ್ ತಂತಿಗಳು ಎಷ್ಟು ಹಳೆಯವು, ಭೂಸಂಪರ್ಕ ಸರಿಯಾಗಿದೆಯೇ, ಮಂಜೂರಾದ ವಿದ್ಯುತ್ ಭಾರವು ಕುಟುಂಬದ ಬಳಕೆಗೆ ಸಾಕೇ.
(ಉ) ನೀರಿನ ಸಂಪರ್ಕ ಅಧಿಕೃತವಾದದ್ದೇ, ಒಳಚರಂಡಿ ಸಂಪರ್ಕ ಇದೆಯೇ, ಬಾಕಿ ಬಿಲ್ಲುಗಳಿವೆಯೇ.
(ಊ) ಮಂಜೂರಾದ ನಕ್ಷೆಗೂ ಕಟ್ಟಡಕ್ಕೂ ಹೊಂದಾಣಿಕೆ ಇದೆಯೇ, ಅನುಮತಿ ಇಲ್ಲದ ಮಹಡಿ ಇದೆಯೇ.

ಹೊಸದಾಗಿ ಬಣ್ಣ ಬಳಿದ ಮನೆಯಲ್ಲಿ ಸೋರಿಕೆಯ ಗುರುತುಗಳು ಮರೆಯಾಗಿರುತ್ತವೆ. ಸಾಧ್ಯವಿದ್ದಲ್ಲಿ ಮಳೆಗಾಲದಲ್ಲಿ ಒಮ್ಮೆ ಮನೆಯನ್ನು ನೋಡುವುದು, ಇಲ್ಲವಾದಲ್ಲಿ ಹಿಂದೆ ಬಾಡಿಗೆಗೆ ಇದ್ದವರನ್ನು ವಿಚಾರಿಸುವುದು ಉತ್ತಮ.

ಅಪಾರ್ಟ್‌ಮೆಂಟ್ ಅಥವಾ ಬಹುಮಹಡಿ ಕಟ್ಟಡವಾಗಿದ್ದಲ್ಲಿ ಸ್ವಾಧೀನ ಪ್ರಮಾಣಪತ್ರ (ಒ.ಸಿ.) ಇದೆಯೇ ಎಂಬುದನ್ನು ನೋಡತಕ್ಕದ್ದು. ವಿದ್ಯುತ್, ನೀರು ಮತ್ತು ಒಳಚರಂಡಿ ಸಂಪರ್ಕಗಳನ್ನು ಈ ಪ್ರಮಾಣಪತ್ರ ಹಾಜರುಪಡಿಸಿದ ನಂತರವೇ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 17-12-2024ರ ತೀರ್ಪಿನಲ್ಲಿ ನಿರ್ದೇಶಿಸಿದೆ. ಹೊಸ ಯೋಜನೆಯಲ್ಲಿ ಕೊಂಡ ಮನೆಗೆ 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮವು ಸ್ವಾಧೀನದ ದಿನದಿಂದ 5 ವರ್ಷಗಳವರೆಗೆ ರಚನಾ ದೋಷಗಳಿಗೆ ಪ್ರವರ್ತಕರನ್ನು ಹೊಣೆ ಮಾಡುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಮಾರಾಟವಾಗುವ ಹಳೆಯ ಮನೆಗೆ ಇಂತಹ ರಕ್ಷಣೆ ಇರುವುದಿಲ್ಲ.

5. ಕರಾರುಪತ್ರ ಮತ್ತು ನೋಂದಣಿ

ಕರಾರುಪತ್ರವು ತಾನಾಗಿಯೇ ಸ್ವತ್ತಿನಲ್ಲಿ ಯಾವುದೇ ಹಕ್ಕನ್ನು ಸೃಷ್ಟಿಸುವುದಿಲ್ಲ. ಆದರೂ ಅದರಲ್ಲಿ ಒಟ್ಟು ಬೆಲೆ, ಮುಂಗಡ, ಕ್ರಯಪತ್ರ ಬರೆಸುವ ಕೊನೆಯ ದಿನಾಂಕ, ಬ್ಯಾಂಕ್ ಸಾಲ ಮಂಜೂರಾಗದಿದ್ದಲ್ಲಿ ಅಥವಾ ಹಕ್ಕಿನಲ್ಲಿ ದೋಷ ಕಂಡುಬಂದಲ್ಲಿ ಮುಂಗಡವನ್ನು ಹಿಂತಿರುಗಿಸುವ ಷರತ್ತು, ಬಾಡಿಗೆದಾರರಿದ್ದಲ್ಲಿ ಮನೆ ತೆರವು ಮಾಡಿಸಿಕೊಡುವ ಹೊಣೆ ಇವುಗಳನ್ನು ಸ್ಪಷ್ಟವಾಗಿ ಬರೆಸತಕ್ಕದ್ದು. ಬ್ಯಾಂಕ್ ಸಾಲಕ್ಕೆ ಸಂಬಂಧಿಸಿದ ಷರತ್ತು ಇಲ್ಲದ ಕಾರಣ ಮುಂಗಡ ಕಳೆದುಕೊಳ್ಳುವ ಸಂದರ್ಭಗಳು ಉಂಟು. ಸ್ವಾಧೀನ ಸಹಿತವಾದ ಕರಾರುಪತ್ರಕ್ಕೆ ಕ್ರಯಪತ್ರಕ್ಕೆ ಸಮನಾದ ಮುದ್ರಾಂಕ ಶುಲ್ಕ ತಗಲುತ್ತದೆ. ಮಾರಾಟಗಾರರು ಕ್ರಯಪತ್ರ ಬರೆದುಕೊಡಲು ನಿರಾಕರಿಸಿದಲ್ಲಿ 3 ವರ್ಷಗಳೊಳಗೆ ದಾವೆ ಹೂಡತಕ್ಕದ್ದು.

ಕ್ರಯಪತ್ರಕ್ಕೆ ಸಹಿಯಾದ ದಿನದಿಂದ 4 ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರುಪಡಿಸತಕ್ಕದ್ದು. 2023ರಲ್ಲಿ ಜಾರಿಗೆ ಬಂದ ಕಾವೇರಿ 2.0 ತಂತ್ರಾಂಶದಲ್ಲಿ ವಿವರಗಳನ್ನು ಮುಂಚಿತವಾಗಿ ಸಲ್ಲಿಸಿ, ಪರಿಶೀಲನೆಯ ನಂತರ ಶುಲ್ಕ ಪಾವತಿಸಿ, ಸಮಯ ನಿಗದಿಪಡಿಸಿಕೊಂಡು ಕಚೇರಿಗೆ ಹಾಜರಾಗಬಹುದಾಗಿದೆ. ಚಕ್ಕುಬಂದಿ, ಸ್ವತ್ತಿನ ಸಂಖ್ಯೆ, ಅಳತೆ ಮತ್ತು ಹೆಸರಿನ ಕಾಗುಣಿತವನ್ನು ಸಹಿಗೆ ಮುನ್ನ ಸಾವಕಾಶವಾಗಿ ಓದತಕ್ಕದ್ದು. ನಂತರ ಕಂಡುಬರುವ ತಪ್ಪಿಗೆ ತಿದ್ದುಪಡಿ ಪತ್ರ ಬರೆಸಬೇಕಾಗಿದ್ದು, ಅದಕ್ಕೆ ಮಾರಾಟಗಾರರ ಸಹಿಯೂ ಬೇಕಾಗುತ್ತದೆ.

ನೋಂದಣಿಯ ದಿನದಂದು ಮೂಲ ಪತ್ರಗಳು, ಬೀಗದ ಕೈಗಳು, ತೆರಿಗೆ ರಸೀದಿಗಳು ಹಾಗೂ ವಿದ್ಯುತ್ ಮತ್ತು ನೀರಿನ ಕೊನೆಯ ಬಿಲ್ಲುಗಳನ್ನು ಪಡೆಯತಕ್ಕದ್ದು. ಬೇರೆ ಷರತ್ತು ಇಲ್ಲದಿದ್ದಲ್ಲಿ ಮಾರಾಟದ ದಿನದವರೆಗಿನ ತೆರಿಗೆ ಬಾಕಿಯನ್ನು ಪಾವತಿಸುವುದು ಮಾರಾಟಗಾರರ ಹೊಣೆ. ನಂತರ ಖಾತಾ, ವಿದ್ಯುತ್ ಮೀಟರ್ ಮತ್ತು ನೀರಿನ ಸಂಪರ್ಕಗಳನ್ನು ಖರೀದಿದಾರರ ಹೆಸರಿಗೆ ಬದಲಾಯಿಸಿಕೊಳ್ಳತಕ್ಕದ್ದು.

6. ನವೀಕರಣಕ್ಕೆ ಅನುಮತಿ

ಬಣ್ಣ ಬಳಿಯುವುದು, ಗಾರೆ ದುರಸ್ತಿ, ನೆಲಹಾಸು ಬದಲಾವಣೆ, ಒಡೆದ ಹೆಂಚುಗಳ ಬದಲಾವಣೆ ಮುಂತಾದ ಸಣ್ಣ ಕೆಲಸಗಳಿಗೆ ಸಾಮಾನ್ಯವಾಗಿ ಕಟ್ಟಡ ಪರವಾನಗಿ ಬೇಕಾಗುವುದಿಲ್ಲ. ಕೊಠಡಿ ಅಥವಾ ಮಹಡಿ ಸೇರಿಸುವುದು, ತಾರಸಿ ಬದಲಾಯಿಸುವುದು, ಭಾರ ಹೊರುವ ಗೋಡೆ ಅಥವಾ ಕಂಬಗಳನ್ನು ಮಾರ್ಪಡಿಸುವುದು, ಸುತ್ತ ಬಿಡಬೇಕಾದ ಖಾಲಿ ಜಾಗದಲ್ಲಿ ಕಟ್ಟುವುದು, ಮನೆಯನ್ನು ಅಂಗಡಿಯಾಗಿ ಪರಿವರ್ತಿಸುವುದು ಇವುಗಳಿಗೆ ಸ್ಥಳೀಯ ಸಂಸ್ಥೆಯ ಪೂರ್ವಾನುಮತಿ ಅಗತ್ಯ. ಯಾವ ಕೆಲಸಕ್ಕೆ ಅನುಮತಿ ಬೇಕು ಎಂಬ ಸಂದೇಹವಿದ್ದಲ್ಲಿ ಕೆಲಸ ಆರಂಭಿಸುವ ಮೊದಲೇ ಲಿಖಿತವಾಗಿ ವಿಚಾರಿಸುವುದು ಸೂಕ್ತ.

ಅಪಾರ್ಟ್‌ಮೆಂಟಿನಲ್ಲಿ ಹೊರಗೋಡೆ, ಕಂಬ, ತೊಲೆ ಮತ್ತು ಸಾಮಾನ್ಯ ಕೊಳವೆಗಳು ಎಲ್ಲಾ ನಿವಾಸಿಗಳಿಗೆ ಸೇರಿದವುಗಳಾಗಿರುತ್ತವೆ. ಇವುಗಳನ್ನು ಮುಟ್ಟುವ ಯಾವುದೇ ಕೆಲಸಕ್ಕೆ ಮಾಲೀಕರ ಸಂಘದ ಒಪ್ಪಿಗೆ ಪಡೆಯತಕ್ಕದ್ದು.

ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳಿರುವ ಬಾದಾಮಿ, ವಿಜಯಪುರ, ಶ್ರೀರಂಗಪಟ್ಟಣ, ಹಳೇಬೀಡು ಮುಂತಾದ ಊರುಗಳಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ. ಅಲ್ಲಿಂದ ಮುಂದಿನ 200 ಮೀಟರ್ ನಿಯಂತ್ರಿತ ಪ್ರದೇಶ. ಇಲ್ಲಿ ಹಳೆಯ ಮನೆಯ ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು.

ಬೆಂಗಳೂರಿನಲ್ಲಿ 60x40 ಅಡಿ (2,400 ಚದರ ಅಡಿ) ಹಾಗೂ ಹೆಚ್ಚಿನ ನಿವೇಶನದ ಹಳೆಯ ಕಟ್ಟಡಗಳಿಗೂ, 30x40 ಅಡಿ (1,200 ಚದರ ಅಡಿ) ಹಾಗೂ ಹೆಚ್ಚಿನ ನಿವೇಶನದ ಹೊಸ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯ. ಕಟ್ಟಡದ ಅವಶೇಷಗಳನ್ನು ರಸ್ತೆ ಬದಿ, ಕೆರೆ ಅಥವಾ ರಾಜಕಾಲುವೆಗೆ ಸುರಿಯದೆ ಸ್ಥಳೀಯ ಸಂಸ್ಥೆ ಗುರುತಿಸಿದ ಸ್ಥಳಕ್ಕೆ ಸಾಗಿಸತಕ್ಕದ್ದು.

7. ನವೀಕರಣದ ಕ್ರಮ

ಸೀಮಿತ ಹಣದಲ್ಲಿ ಮನೆ ದುರಸ್ತಿ ಮಾಡುವವರು ಕಣ್ಣಿಗೆ ಕಾಣುವ ಕೆಲಸಗಳಿಗೆ ಮೊದಲ ಆದ್ಯತೆ ನೀಡುವುದು ಸಾಮಾನ್ಯ. ಇದರಿಂದ ಹೊಸ ಟೈಲ್ಸ್ ಹಾಕಿದ ನಂತರ ಕೊಳವೆ ಒಡೆದು ಮತ್ತೆ ನೆಲ ಅಗೆಯುವ ಪ್ರಸಂಗ ಬರುತ್ತದೆ. ಸರಿಯಾದ ಕ್ರಮ ಹೀಗಿರುತ್ತದೆ: ಮೊದಲು ಪಾಯ, ಕಂಬ, ತಾರಸಿಗಳ ಬಲಪಡಿಸುವಿಕೆ; ನಂತರ ಸೋರಿಕೆ ಮತ್ತು ತೇವದ ನಿವಾರಣೆ; ಅನಂತರ ನೀರಿನ ಕೊಳವೆ, ಒಳಚರಂಡಿ ಮತ್ತು ವಿದ್ಯುತ್ ತಂತಿಗಳು; ಅದಾದ ಮೇಲೆ ಗಾರೆ ಮತ್ತು ನೆಲಹಾಸು; ಕೊನೆಯಲ್ಲಿ ಮರಗೆಲಸ ಮತ್ತು ಬಣ್ಣ. ಹಣ ಸಾಲದಿದ್ದಲ್ಲಿ ಕೊನೆಯ ಎರಡು ಹಂತಗಳನ್ನು ಮುಂದೂಡಬಹುದು; ಮೊದಲ ಮೂರನ್ನು ಮುಂದೂಡುವುದು ಸರಿಯಲ್ಲ.

ಭಾರತೀಯ ಮಾನಕ 456:2000ರ ಪ್ರಕಾರ ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 10 ದಿನ ನೀರುಣಿಸತಕ್ಕದ್ದು. 4.5 ಮೀಟರ್‌ವರೆಗಿನ ಅಂತರದ ತಾರಸಿಯ ಆಧಾರದ ಕಂಬಗಳನ್ನು 7 ದಿನಗಳ ಮೊದಲು, ಹೆಚ್ಚಿನ ಅಂತರದವುಗಳನ್ನು 14 ದಿನಗಳ ಮೊದಲು ತೆಗೆಯಬಾರದು. ಸ್ನಾನಗೃಹದ ನೆಲದ ಜಲನಿರೋಧಕ ಕೆಲಸ ಮುಗಿದ ಮೇಲೆ, ಟೈಲ್ಸ್ ಹಾಕುವ ಮೊದಲು, ಕನಿಷ್ಠ 24 ಗಂಟೆ ನೀರು ನಿಲ್ಲಿಸಿ ಸೋರಿಕೆ ಪರೀಕ್ಷಿಸತಕ್ಕದ್ದು.

ಮಂಗಳೂರು ಹೆಂಚಿನ ಮನೆಗಳು, ಮಣ್ಣಿನ ಗೋಡೆಯ ಮನೆಗಳು ಹಾಗೂ ಮರದ ಜಂತೆಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಕಟ್ಟಿದ ಮದ್ರಾಸ್ ತಾರಸಿಯ ಮನೆಗಳ ದುರಸ್ತಿಗೆ ಬೇರೆ ಎಚ್ಚರಿಕೆ ಬೇಕು. ಇಂತಹ ಗೋಡೆಗಳು ತೇವವನ್ನು ಹೀರಿ ಹೊರಬಿಡುತ್ತವೆ. ಅವುಗಳ ಮೇಲೆ ದಪ್ಪ ಸಿಮೆಂಟ್ ಗಾರೆ ಬಳಿದಲ್ಲಿ ತೇವವು ಒಳಗೇ ಉಳಿದು ಗೋಡೆ ಸಡಿಲಗೊಳ್ಳಬಹುದು. ಸುಣ್ಣದ ಗಾರೆ ಬಲ್ಲ ಮೇಸ್ತ್ರಿಗಳಿಂದ ಕೆಲಸ ಮಾಡಿಸುವುದು ಉತ್ತಮ. ಜಂತೆಯ ತುದಿಗಳು ಗೋಡೆಯೊಳಗೆ ಕೊಳೆತಿರುವ ಸಾಧ್ಯತೆಯಿರುವುದರಿಂದ ಅವುಗಳನ್ನು ಪರೀಕ್ಷಿಸದೆ ಮೇಲೆ ಹೆಚ್ಚುವರಿ ಕಾಂಕ್ರೀಟ್ ಅಥವಾ ನೀರಿನ ತೊಟ್ಟಿಯ ಭಾರ ಹೇರಬಾರದು.

8. ಗುತ್ತಿಗೆದಾರರೊಂದಿಗೆ ಒಪ್ಪಂದ

ಕೆಲಸ ಎಷ್ಟೇ ಚಿಕ್ಕದಾಗಿದ್ದರೂ, ಗುತ್ತಿಗೆದಾರರು ಪರಿಚಿತರೇ ಆಗಿದ್ದರೂ, ಒಪ್ಪಂದವನ್ನು ಬರವಣಿಗೆಯಲ್ಲಿ ಮಾಡಿಕೊಳ್ಳತಕ್ಕದ್ದು. ಅದರಲ್ಲಿ ಕೆಲಸದ ವಿವರ ಮತ್ತು ಅಳತೆ, ಸಾಮಗ್ರಿಯ ದರ್ಜೆ, ಕೂಲಿ ಮಾತ್ರವೇ ಅಥವಾ ಸಾಮಗ್ರಿ ಸಹಿತವೇ ಎಂಬುದು, ಮುಗಿಸಬೇಕಾದ ದಿನಾಂಕ ಮತ್ತು ಹೆಚ್ಚುವರಿ ಕೆಲಸದ ದರ ಇವುಗಳನ್ನು ನಮೂದಿಸಬೇಕು. ಹಣವನ್ನು ಕೆಲಸದ ಹಂತಕ್ಕೆ ಅನುಗುಣವಾಗಿ, ಸಾಧ್ಯವಾದಷ್ಟು ಬ್ಯಾಂಕ್ ಮೂಲಕ ಪಾವತಿಸಿ ರಸೀದಿ ಪಡೆಯತಕ್ಕದ್ದು. ಕೊನೆಯ ಕಂತಿನ ಒಂದು ಭಾಗವನ್ನು ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವ ಷರತ್ತನ್ನು ಸೇರಿಸಬಹುದಾಗಿದೆ. ಹಳೆಯ ಮನೆಯ ಗೋಡೆ ಅಥವಾ ನೆಲ ತೆರೆದಾಗ ಅನಿರೀಕ್ಷಿತ ಕೆಲಸ ಕಂಡುಬರುವುದು ಸಹಜವಾದುದರಿಂದ ಅಂದಾಜು ವೆಚ್ಚದ ಶೇ. 15ರಿಂದ 20ರಷ್ಟನ್ನು ಪ್ರತ್ಯೇಕವಾಗಿ ಕಾದಿರಿಸುವುದು ಲೇಸು.

9. ಪರಿಹಾರ ಮಾರ್ಗಗಳು

(ಅ) ಸರ್ಕಾರಿ ಸೇವೆಯಲ್ಲಿ ವಿಳಂಬ: ಸಕಾಲ ಯೋಜನೆಯ ವ್ಯಾಪ್ತಿಗೆ ಬರುವ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಸಂಖ್ಯೆಯನ್ನು ಪಡೆಯತಕ್ಕದ್ದು. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ದಿನವೊಂದಕ್ಕೆ 20 ರೂ.ಗಳಂತೆ ಗರಿಷ್ಠ 500 ರೂ.ವರೆಗೆ ಪರಿಹಾರ ವೆಚ್ಚಕ್ಕೆ 2011ರ ಅಧಿನಿಯಮದಲ್ಲಿ ಅವಕಾಶವಿದೆ.

(ಆ) ಗುತ್ತಿಗೆದಾರರ ಸೇವಾಲೋಪ: ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷಗಳೊಳಗೆ ದೂರು ನೀಡಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂ.ವರೆಗಿದ್ದಲ್ಲಿ ದೂರಿಗೆ ಶುಲ್ಕವಿಲ್ಲ.

(ಇ) ಸಾಲ ತೀರಿದ ನಂತರ ಪತ್ರಗಳು ಬಾರದಿದ್ದಲ್ಲಿ: ಸಾಲ ಪೂರ್ಣ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ಪತ್ರಗಳನ್ನು ಹಿಂತಿರುಗಿಸತಕ್ಕದ್ದು. ಬ್ಯಾಂಕಿನ ಕಾರಣದಿಂದ ವಿಳಂಬವಾದಲ್ಲಿ ದಿನಕ್ಕೆ 5,000 ರೂ. ಪರಿಹಾರ ನೀಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ.

(ಈ) ಉಚಿತ ಕಾನೂನು ನೆರವು: ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಕಡಿಮೆ ಆದಾಯದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಬಹುದಾಗಿದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬ್ಯಾಂಕು ಸಾಲ ಮಂಜೂರು ಮಾಡಿದ್ದರೆ ದಾಖಲೆಗಳು ಸರಿಯಿವೆ ಎಂದು ಭಾವಿಸಬಹುದೇ?
ಉತ್ತರ: ಇಲ್ಲ. ಬ್ಯಾಂಕಿನ ಪರಿಶೀಲನೆಯು ಬ್ಯಾಂಕಿನ ಹಣದ ಭದ್ರತೆಗಾಗಿ ನಡೆಯುತ್ತದೆ. ಖರೀದಿದಾರರು ತಮ್ಮದೇ ವಕೀಲರಿಂದ ಪ್ರತ್ಯೇಕ ಅಭಿಪ್ರಾಯ ಪಡೆಯುವುದು ಸೂಕ್ತ.

ಪ್ರಶ್ನೆ: ಹಿಂದಿನ ಮಾಲೀಕರು ಅನುಮತಿಯಿಲ್ಲದೆ ಕಟ್ಟಿದ ಕೊಠಡಿಗೆ ಹೊಸ ಮಾಲೀಕರು ಹೊಣೆಯೇ?
ಉತ್ತರ: ಸ್ಥಳೀಯ ಸಂಸ್ಥೆಯ ಕ್ರಮವು ಕಟ್ಟಡದ ಮೇಲೆ ಜರುಗುವುದರಿಂದ ಅದರ ಪರಿಣಾಮವು ಆ ಸಮಯದ ಮಾಲೀಕರ ಮೇಲೆ ಬೀಳುತ್ತದೆ. ಖರೀದಿಗೆ ಮೊದಲೇ ನಕ್ಷೆಯೊಂದಿಗೆ ಹೋಲಿಸಿ ನೋಡತಕ್ಕದ್ದು.

ಪ್ರಶ್ನೆ: ನವೀಕರಣದಿಂದ ಆಸ್ತಿ ತೆರಿಗೆ ಹೆಚ್ಚುವುದೇ?
ಉತ್ತರ: ಕಟ್ಟಡದ ವಿಸ್ತೀರ್ಣ ಅಥವಾ ಉಪಯೋಗ ಬದಲಾದಲ್ಲಿ ಹೆಚ್ಚಬಹುದು. ಬದಲಾವಣೆಯನ್ನು ತೆರಿಗೆ ಘೋಷಣೆಯಲ್ಲಿ ತೋರಿಸತಕ್ಕದ್ದು.

ಪ್ರಶ್ನೆ: ಕುಟುಂಬದ ಎಲ್ಲರ ಹಣ ಸೇರಿಸಿ ಮನೆ ಕೊಂಡಲ್ಲಿ ಕ್ರಯಪತ್ರ ಯಾರ ಹೆಸರಿನಲ್ಲಿರಬೇಕು?
ಉತ್ತರ: ಹಣ ಹಾಕಿದವರೆಲ್ಲರ ಹೆಸರನ್ನೂ ಅವರವರ ಪಾಲಿನ ಪ್ರಮಾಣ ಸಹಿತ ಸೇರಿಸುವುದು ಮುಂದಿನ ಕೌಟುಂಬಿಕ ವಿವಾದಗಳನ್ನು ತಡೆಯುತ್ತದೆ.

ಸೂಚನೆ: ಈ ಪುಟದ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಅಧಿನಿಯಮ, ನಿಯಮ ಮತ್ತು ಅಧಿಸೂಚನೆಗಳ ಮೂಲ ಪಠ್ಯವೇ ಅಧಿಕೃತ. ನಿರ್ದಿಷ್ಟ ಸ್ವತ್ತಿಗೆ ಸಂಬಂಧಿಸಿದಂತೆ ಉಪನೋಂದಣಾಧಿಕಾರಿಗಳ ಕಚೇರಿ, ಸ್ಥಳೀಯ ಸಂಸ್ಥೆ ಅಥವಾ ವಕೀಲರನ್ನು ಸಂಪರ್ಕಿಸಲು ಕೋರಲಾಗಿದೆ.